ಧನಿಯಾ ನೀರು ಕುಡಿದರೆ ಥೈರಾಯ್ಡ್ ಮಾತ್ರೆ ಬಿಡಬಹುದಾ? ಕೊತ್ತಂಬರಿ ಬೀಜದ ಬಗ್ಗೆ ನಿಜವೆಷ್ಟು, ಸುಳ್ಳೆಷ್ಟು

ಒಂದು ಚಮಚ ಕೊತ್ತಂಬರಿ ಬೀಜ ರಾತ್ರಿ ನೀರಲ್ಲಿ ನೆನೆಸಿಡಿ, ಬೆಳಿಗ್ಗೆ ಸೋಸಿ ಖಾಲಿ ಹೊಟ್ಟೆಗೆ ಕುಡಿಯಿರಿ, ಕೆಲವೇ ವಾರಗಳಲ್ಲಿ ಥೈರಾಯ್ಡ್ ಮಾಯ. ಈ ಧಾಟಿಯ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಒಂದಲ್ಲ ಒಂದು ಸಲ ಬಂದೇ ಇರುತ್ತದೆ. ಕೆಲವದರಲ್ಲಿ ಥೈರಾಯ್ಡ್ ಜೊತೆಗೆ ಶುಗರ್, ಕಿಡ್ನಿ, ತೂಕ ಎಲ್ಲವೂ ಒಂದೇ ಲೋಟದಲ್ಲಿ ಸರಿಹೋಗುತ್ತವೆ. ಇನ್ನು ಮುಂದೆ ಮಾತ್ರೆಯೇ ಬೇಡ ಎಂದು ಕೊನೆಯಲ್ಲಿ ಸೇರಿಸುವವರೂ ಇದ್ದಾರೆ.

ಚುಟುಕಾಗಿ ಹೇಳುವುದಾದರೆ, ಕೊತ್ತಂಬರಿ ನೀರು ಕುಡಿಯುವುದರಿಂದ ಹೆಚ್ಚಿನವರಿಗೆ ಏನೂ ತೊಂದರೆಯಿಲ್ಲ. ಅದನ್ನು ನಂಬಿ ಮಾತ್ರೆ ಬಿಡುವುದರಿಂದ ತೊಂದರೆ ಇದೆ. ಆ ತೊಂದರೆ ಮರುದಿನವೇ ಕಾಣಿಸುವುದಿಲ್ಲ, ಕೆಲವು ವಾರ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಈ ಫಾರ್ವರ್ಡ್ ಇಷ್ಟು ಕಾಲದಿಂದ ಓಡಾಡುತ್ತಿರುವ ಗುಟ್ಟು ಅದರಲ್ಲೇ ಇದೆ. ಅಲ್ಲಿಗೆ ಹೋಗುವ ಮೊದಲು ಈ ಕಾಳಿನ ಪರಿಚಯ ಸ್ವಲ್ಪ ಮಾಡಿಕೊಳ್ಳೋಣ.

ಬೀಜ ಅಂತೀವಿ, ಆದರೆ ಅದು ಹಣ್ಣು

ಮೈಸೂರು, ಬೆಂಗಳೂರು ಕಡೆ ಧನಿಯಾ ಅಥವಾ ಕೊತ್ತಂಬರಿ ಬೀಜ, ಧಾರವಾಡ, ಬೆಳಗಾವಿ ಕಡೆ ಹವೀಜ. ಸಂಸ್ಕೃತದಲ್ಲಿ ಧಾನ್ಯಕ ಎನ್ನುತ್ತಾರೆ, ಕುಸ್ತುಂಬುರು ಎಂಬ ಹೆಸರೂ ಇದೆ. ಈ ಎರಡನೆಯ ಹೆಸರು ಪಾಣಿನಿಯ ವ್ಯಾಕರಣ ಸೂತ್ರದಲ್ಲೇ ಬರುತ್ತದೆ. ಅಂದರೆ ನಮ್ಮ ನಾಡಿಗೆ ಈ ಕಾಳು ನಿನ್ನೆ ಮೊನ್ನೆ ಬಂದದ್ದಲ್ಲ. ಈಜಿಪ್ಟಿನ ರಾಜ ಟುಟಾಂಖಾಮನ್‌ನ ಸಮಾಧಿಯಲ್ಲೂ ಕೊತ್ತಂಬರಿ ಕಾಳು ಸಿಕ್ಕಿದೆ, ಸುಮಾರು 3,300 ವರ್ಷದ ಹಿಂದಿನದು.

ಜೀರಿಗೆ, ಸೋಂಪು, ಓಂಕಾಳು, ಸಬ್ಬಸಿಗೆ, ಕ್ಯಾರೆಟ್ ಎಲ್ಲವೂ ಕೊತ್ತಂಬರಿಯ ಕುಟುಂಬದವೇ. ನಾವು ಬೀಜ ಎನ್ನುವ ದುಂಡನೆಯ ಕಾಳು ಸಸ್ಯಶಾಸ್ತ್ರದ ಪ್ರಕಾರ ಒಣಗಿದ ಹಣ್ಣು. ಒಂದು ಕಾಳನ್ನು ಅಂಗೈಯಲ್ಲಿಟ್ಟು ಉಜ್ಜಿದರೆ ಎರಡು ಹೋಳಾಗುತ್ತದೆ, ಒಂದೊಂದು ಹೋಳಿನಲ್ಲೂ ಒಂದೊಂದು ಬೀಜ. ಕುಂಡದಲ್ಲಿ ಕೊತ್ತಂಬರಿ ಹಾಕುವವರು ಕಾಳನ್ನು ಮೊದಲು ಚಪ್ಪಲಿಯ ಕೆಳಗೋ ಲಟ್ಟಣಿಗೆಯ ಕೆಳಗೋ ಹಗುರವಾಗಿ ಉಜ್ಜಿ ಒಡೆಯುವುದು ಇದಕ್ಕೇ.

ಘಮ ಎಲ್ಲಿಂದ ಬರುತ್ತದೆ?

ಸೊಪ್ಪು ಮತ್ತು ಕಾಳು ಒಂದೇ ಗಿಡದವಾದರೂ ವಾಸನೆಯಲ್ಲಿ ಸಂಬಂಧವೇ ಇಲ್ಲದಂತೆ ಇರುತ್ತವೆ. ಸೊಪ್ಪಿನ ವಾಸನೆ ಆಲ್ಡಿಹೈಡ್ ಗುಂಪಿನ ರಾಸಾಯನಿಕಗಳದ್ದು. ಕೆಲವರಿಗೆ ಕೊತ್ತಂಬರಿ ಸೊಪ್ಪು ಸೋಪಿನ ಹಾಗೆ ಅನ್ನಿಸುತ್ತದಲ್ಲ, ಅದು ಈ ಆಲ್ಡಿಹೈಡ್‌ಗಳನ್ನು ಅವರ ಮೂಗು ಹೆಚ್ಚು ಚುರುಕಾಗಿ ಹಿಡಿಯುವುದರಿಂದ. ಅದಕ್ಕೆ ಅನುವಂಶೀಯ ಕಾರಣವೂ ಇದೆ, ಸುಮ್ಮನೆ ಹಟವಲ್ಲ. ಹಸಿರು ಕಾಯಿಗೂ ಇದೇ ವಾಸನೆ. ಕಾಯಿ ಬಲಿತು ಒಣಗುತ್ತಾ ಬಂದಂತೆ ಆಲ್ಡಿಹೈಡ್ ಇಳಿದು ಲಿನಾಲೂಲ್ ಎಂಬ ಪದಾರ್ಥ ಮೇಲುಗೈ ಪಡೆಯುತ್ತದೆ. ಕೊತ್ತಂಬರಿ ಕಾಳಿನ ಎಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 60ರಿಂದ 80ರಷ್ಟು ಲಿನಾಲೂಲ್ ಇರುತ್ತದೆ. ಲ್ಯಾವೆಂಡರ್ ಹೂವಿನ ಪರಿಮಳದಲ್ಲೂ ಇದೇ ಇದೆ.

ಎಣ್ಣೆ ಎಂದ ತಕ್ಷಣ ಬಹಳ ಇರುತ್ತದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಬೆಳೆಯುವ ದೊಡ್ಡ ಕಾಳಿನ ತಳಿಗಳಲ್ಲಿ ಸುವಾಸನೆಯ ಎಣ್ಣೆ ಅರ್ಧ ಶೇಕಡಾಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಯುರೋಪಿನ ಸಣ್ಣ ಕಾಳಿನ ತಳಿಯಲ್ಲಿ ಇದಕ್ಕಿಂತ ಜಾಸ್ತಿ. ಒಂದು ಟೀ ಚಮಚ ಕಾಳು ತೂಗಿದರೆ 2 ಗ್ರಾಮಿಗಿಂತ ಸ್ವಲ್ಪ ಕಡಿಮೆ. ಲೆಕ್ಕ ಹಾಕಿ, ಅದರಲ್ಲಿ ಎಣ್ಣೆ ಸುಮಾರು 10 ಮಿಲಿಗ್ರಾಂ. ಎಣ್ಣೆ ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಹಾಗಾಗಿ ಇಡೀ ಕಾಳು ನೆನೆಸಿ ಸೋಸಿದ ನೀರಿಗೆ ಬರುವುದು ಅದರಲ್ಲೂ ಒಂದು ಪಾಲು ಮಾತ್ರ. ಈ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಡುಗೆಮನೆಯಲ್ಲಿ ಮಾತ್ರ ಈ ಕಾಳಿನ ಕೆಲಸ ಯಾವ ಫಾರ್ವರ್ಡೂ ಹೇಳದಷ್ಟು ದೊಡ್ಡದು. ಸಾರಿನ ಪುಡಿ, ಹುಳಿಪುಡಿ, ಬಿಸಿಬೇಳೆಬಾತಿನ ಪುಡಿ, ಯಾವುದನ್ನು ತೆಗೆದುಕೊಂಡರೂ ಮೆಣಸಿನಕಾಯಿಯ ಪಕ್ಕದಲ್ಲಿ ಧಾರಾಳವಾಗಿ ಬೀಳುವುದು ಕೊತ್ತಂಬರಿಯೇ. ಘಮ ಒಂದು ಕಾರಣ. ಇನ್ನೊಂದು ಕಾರಣದ ಬಗ್ಗೆ ಯಾರೂ ಮಾತಾಡುವುದಿಲ್ಲ: ಕಾಳಿನ ತೂಕದಲ್ಲಿ ಶೇ. 40ಕ್ಕೂ ಹೆಚ್ಚು ನಾರು. ಪುಡಿ ಮಾಡಿ ಹಾಕಿದಾಗ ಅದು ನೀರು ಹೀರಿ ಉಬ್ಬಿ ಸಾಂಬಾರಿಗೆ ಮೈ ಕೊಡುತ್ತದೆ. ಕೊತ್ತಂಬರಿ ಕಡಿಮೆಯಾದ ಹುಳಿ ನೀರು ನೀರಾಗುವುದು ಬೇಳೆ ತಪ್ಪಿದ್ದಕ್ಕೆ ಮಾತ್ರ ಅಲ್ಲ.

ಹುರಿಯುವಾಗ ಉರಿ ಸಣ್ಣಗಿರಲಿ. ಬಿಸಿಗೆ ಹೊಸ ಸುವಾಸನೆಗಳು ಹುಟ್ಟುತ್ತವೆ, ಆದರೆ ಬಾಣಲೆ ಹೊಗೆಯಾಡುವಷ್ಟು ಕಾದರೆ ಇದ್ದ ಘಮವೂ ಗಾಳಿಗೆ ಹೋಗುತ್ತದೆ. ಪುಡಿ ಮಾಡಿದ ಮೇಲೂ ಅಷ್ಟೇ, ದಿನ ಕಳೆದಂತೆ ಘಮ ಇಳಿಯುತ್ತದೆ. ಇಡೀ ಕಾಳು ತಂದು ತಿಂಗಳಿಗೆ ಬೇಕಾದಷ್ಟೇ ಪುಡಿ ಮಾಡಿಕೊಳ್ಳುವುದು ಒಳ್ಳೆಯದು. ಇಡೀ ಕಾಳಿನಲ್ಲಿ ಕಲಬೆರಕೆ ಮಾಡುವುದೂ ಕಷ್ಟ. ಅಂಗಡಿ ಪುಡಿಯ ಮೇಲೆ ಅನುಮಾನ ಇದ್ದರೆ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿಕೊಟ್ಟಿರುವ ಸುಲಭ ಪರೀಕ್ಷೆಯಿದೆ: ಒಂದು ಲೋಟ ನೀರಿನ ಮೇಲೆ ಪುಡಿ ಉದುರಿಸಿ. ಮರದ ಪುಡಿ ಅಥವಾ ತೌಡು ಬೆರೆಸಿದ್ದರೆ ಅದು ಮೇಲೆ ತೇಲುತ್ತದೆ.

ಹಳೆಯ ವೈದ್ಯಪದ್ಧತಿ ಏನು ಹೇಳುತ್ತದೆ?

ನೆನೆಸಿದ ಕೊತ್ತಂಬರಿ ನೀರು ವಾಟ್ಸಾಪ್ ಕಂಡುಹಿಡಿದದ್ದಲ್ಲ. ಆಯುರ್ವೇದದಲ್ಲಿ ಇದಕ್ಕೆ ಧಾನ್ಯಕ ಹಿಮ ಎಂಬ ಹೆಸರಿದೆ. ಹಿಮ ಎಂದರೆ ಕುದಿಸದೆ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ತೆಗೆದ ಸಾರ. ಶಾರ್ಙ್ಗಧರ ಸಂಹಿತೆಯಲ್ಲಿ ಇದನ್ನು ಬೆಳಿಗ್ಗೆ ಸಕ್ಕರೆ ಬೆರೆಸಿ ಕುಡಿಯಲು ಹೇಳಿದೆ. ಯಾತಕ್ಕೆ? ಒಳಗಿನ ಉರಿ ಮತ್ತು ಬಾಯಾರಿಕೆಗೆ. ಬೇಸಿಗೆಯ ಪಾನಕದ ಹತ್ತಿರದ ಸಂಗತಿ ಎನ್ನಬಹುದು.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಪ್ರಮಾಣ. ಹಿಮಕ್ಕೆ ಒಂದು ಪಾಲು ಮೂಲಿಕೆಗೆ ಆರು ಪಾಲು ನೀರು. ಆ ಲೆಕ್ಕದಲ್ಲಿ 200 ಎಂಎಲ್ ಲೋಟಕ್ಕೆ 30 ಗ್ರಾಮಿಗೂ ಮೇಲೆ ಕಾಳು ಬೇಕು. ಫಾರ್ವರ್ಡಿನ ಒಂದು ಚಮಚ ಅದರ ಮುಂದೆ ಏನೂ ಅಲ್ಲ. ಎರಡು, ಉದ್ದೇಶ. ಬಾಯಾರಿಕೆಗೆ ಹೇಳಿದ ಪೇಯವನ್ನು ಹಾರ್ಮೋನ್ ಕೊರತೆಗೆ ಮದ್ದು ಮಾಡಿದ್ದು ಹಳೆಯ ಗ್ರಂಥವಲ್ಲ. ಕತ್ತು ಊದಿಕೊಳ್ಳುವ ಗಳಗಂಡದ ವಿವರ ಆಯುರ್ವೇದದಲ್ಲಿದೆ, ನಿಜ. ಆದರೆ ಇವತ್ತು ಲ್ಯಾಬ್ ರಿಪೋರ್ಟಿನಲ್ಲಿ ಬರುವ ಟಿಎಸ್‌ಎಚ್, ಟಿ4 ಎಂಬ ಅಳತೆಗಳು 20ನೇ ಶತಮಾನದವು. ಥೈರಾಕ್ಸಿನ್ ಹಾರ್ಮೋನನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದೇ 1914ರಲ್ಲಿ, ಅಮೆರಿಕದ ಎಡ್ವರ್ಡ್ ಕೆಂಡಲ್. ಸಾವಿರಾರು ವರ್ಷಗಳಿಂದ ಟಿಎಸ್‌ಎಚ್ ಇಳಿಸುತ್ತಿರುವ ಮನೆಮದ್ದು ಎಂದು ಬರೆದವರಿಗೆ ಇದನ್ನು ಕೇಳಬಹುದು.

ಊಟವಾದ ಮೇಲೆ ಹೊಟ್ಟೆ ಭಾರ, ಗ್ಯಾಸ್, ಸಣ್ಣ ಶೀತ ಇವಕ್ಕೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹಾಕಿದ ಕಷಾಯ ಕುಡಿಯುವುದು ಮಲೆನಾಡು, ಕರಾವಳಿಯ ಮನೆಗಳಲ್ಲಿ ದಿನನಿತ್ಯದ ಮಾತು. ಬೆಲ್ಲ, ಹಾಲು ಹಾಕಿದರೆ ಕಾಫಿಯ ಜಾಗವನ್ನೇ ತುಂಬುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಡ.

ಈಗ ಥೈರಾಯ್ಡ್ ವಿಷಯ

ಮೊದಲ ತೊಡಕು ಫಾರ್ವರ್ಡಿನ ಭಾಷೆಯಲ್ಲೇ ಇದೆ. ಥೈರಾಯ್ಡ್ ಎನ್ನುವುದು ಕಾಯಿಲೆಯ ಹೆಸರಲ್ಲ, ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿಯ ಹೆಸರು. ಅದು ಹಾರ್ಮೋನ್ ಕಡಿಮೆ ಮಾಡಿದರೆ ಹೈಪೊಥೈರಾಯ್ಡಿಸಂ, ಹೆಚ್ಚು ಮಾಡಿದರೆ ಹೈಪರ್‌ಥೈರಾಯ್ಡಿಸಂ. ಒಂದಕ್ಕೊಂದು ಪೂರ್ತಿ ವಿರುದ್ಧ. ಒಂದರಲ್ಲಿ ಚಳಿ, ಸುಸ್ತು, ಮಲಬದ್ಧತೆ, ತೂಕ ಏರಿಕೆ, ಇನ್ನೊಂದರಲ್ಲಿ ಸೆಕೆ, ಎದೆಬಡಿತ, ತೂಕ ಇಳಿಕೆ. ಒಂದೇ ಲೋಟ ನೀರು ಕಡಿಮೆ ಇದ್ದದ್ದನ್ನು ಏರಿಸಿ, ಹೆಚ್ಚಿದ್ದದ್ದನ್ನು ಇಳಿಸುತ್ತದೆ ಎನ್ನುವುದನ್ನು ನಂಬಬೇಕಾದರೆ ಆ ಕಾಳಿಗೆ ರಿಪೋರ್ಟ್ ಓದಲು ಬರಬೇಕು.

ಅಯೋಡಿನ್ ಉಪ್ಪು ಸಿಗುವ ಊರುಗಳಲ್ಲಿ ಹೈಪೊಥೈರಾಯ್ಡಿಸಂಗೆ ಮುಖ್ಯ ಕಾರಣ ಹಾಶಿಮೋಟೋ ಎಂಬ ಸ್ಥಿತಿ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡಿ ನಿಧಾನವಾಗಿ ಹಾಳುಮಾಡುತ್ತದೆ. ಇನ್ನು ಕೆಲವರಿಗೆ ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದಿರುತ್ತಾರೆ. ಇಲ್ಲದ ಗ್ರಂಥಿಯನ್ನು ಚುರುಕುಗೊಳಿಸಲು ಯಾವ ಕಷಾಯಕ್ಕೂ ಆಗುವುದಿಲ್ಲ. ಇಲ್ಲಿ ಮಾತ್ರೆಯ ಕೆಲಸ ರೋಗ ಓಡಿಸುವುದಲ್ಲ, ಗ್ರಂಥಿ ಮಾಡಬೇಕಿದ್ದ ಹಾರ್ಮೋನನ್ನು ಹೊರಗಿನಿಂದ ತುಂಬಿಕೊಡುವುದು. ಲೆವೊಥೈರಾಕ್ಸಿನ್ ಎಂಬ ಆ ಮಾತ್ರೆಯಲ್ಲಿರುವುದು ನಮ್ಮ ದೇಹ ತಯಾರಿಸುವ ಟಿ4 ಹಾರ್ಮೋನೇ, ಕಾರ್ಖಾನೆಯಲ್ಲಿ ಮಾಡಿದ್ದು ಅಷ್ಟೇ. ಇಂಗ್ಲಿಷ್ ಔಷಧಿ, ಉಷ್ಣ, ಅಭ್ಯಾಸವಾಗಿಬಿಡುತ್ತದೆ ಎಂಬ ಭಯಕ್ಕೆ ಇಲ್ಲಿ ಜಾಗ ಕಡಿಮೆ. ಡೋಸ್ ಸರಿಯಾಗಿದ್ದರೆ ದೇಹಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಜೀವನಪೂರ್ತಿ ದಿನಾ ಬೆಳಿಗ್ಗೆ ಒಂದು ಮಾತ್ರೆ ಎಂದರೆ ಯಾರಿಗಾದರೂ ಬೇಜಾರಾಗುತ್ತದೆ, ಅದು ಸಹಜ. ಆ ಬೇಜಾರನ್ನೇ ಫಾರ್ವರ್ಡ್ ಹಿಡಿದುಕೊಳ್ಳುತ್ತದೆ.

ಹಾಗಾದರೆ ಮಾತ್ರೆ ಬಿಟ್ಟು ಧನಿಯಾ ನೀರು ಕುಡಿದೆ, ಚೆನ್ನಾಗಿದ್ದೇನೆ ಎನ್ನುವವರು ಸುಳ್ಳು ಹೇಳುತ್ತಾರಾ? ಹೆಚ್ಚಿನವರು ಹೇಳುವುದಿಲ್ಲ. ಅವರಿಗೆ ನಿಜವಾಗಿಯೂ ಚೆನ್ನಾಗಿಯೇ ಇರುತ್ತದೆ, ಕೆಲವು ವಾರ.

ಕಾರಣ ಇಷ್ಟು. ಜ್ವರದ ಮಾತ್ರೆಯ ಪ್ರಭಾವ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಟಿ4 ಹಾಗಲ್ಲ, ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಹೈಪೊಥೈರಾಯ್ಡ್ ಇರುವವರಲ್ಲಿ 9ರಿಂದ 10 ದಿನವೂ ಆಗಬಹುದು. ಇವತ್ತು ಮಾತ್ರೆ ನಿಲ್ಲಿಸಿದರೆ ಒಂದು ವಾರಕ್ಕೆ ಅರ್ಧ, ಎರಡು ವಾರಕ್ಕೆ ಕಾಲುಭಾಗ, ಮೂರು ವಾರಕ್ಕೆ ಎಂಟನೇ ಒಂದು ಭಾಗ ಉಳಿದಿರುತ್ತದೆ. ಗ್ರಂಥಿ ಸ್ವಲ್ಪ ಕೆಲಸ ಮಾಡುತ್ತಿದ್ದರೆ ಇಳಿಕೆ ಇನ್ನೂ ನಿಧಾನ. ಹಳೆಯ ಮಾತ್ರೆಗಳ ಉಳಿತಾಯದಲ್ಲಿ ದೇಹ ನಡೆಯುತ್ತಿರುತ್ತದೆ, ಶ್ರೇಯಸ್ಸು ಧನಿಯಾ ನೀರಿಗೆ ಹೋಗುತ್ತದೆ. ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಸುಮಾರು 6ರಿಂದ 8 ವಾರ ಬೇಕು. ಡೋಸ್ ಬದಲಿಸಿದ ಮೇಲೆ ಡಾಕ್ಟರು ಅಷ್ಟು ದಿನ ಬಿಟ್ಟೇ ಮತ್ತೆ ಟೆಸ್ಟ್ ಬರೆಯುವುದು ಇದಕ್ಕೇ. ಮೂರನೇ ವಾರದಲ್ಲಿ ಮಾಡಿಸಿದ ರಿಪೋರ್ಟ್ ಪೂರ್ತಿ ಚಿತ್ರ ಕೊಡುವುದಿಲ್ಲ. ಫಾರ್ವರ್ಡ್‌ಗಳು ಕೊಡುವ ಗಡುವೂ ಸಾಮಾನ್ಯವಾಗಿ ಇಷ್ಟೇ ಇರುತ್ತದೆ ಎನ್ನುವುದು ಕಾಕತಾಳೀಯ ಇರಬಹುದು, ಆದರೆ ಬಹಳ ಅನುಕೂಲಕರವಾದ ಕಾಕತಾಳೀಯ.

ಇನ್ನೂ ಎರಡು ಗುಂಪಿನವರಿಗೆ ಏನೂ ಮಾಡದೆಯೂ ರಿಪೋರ್ಟ್ ಸರಿಹೋಗುವುದುಂಟು. ಟಿಎಸ್‌ಎಚ್ ಸ್ವಲ್ಪವೇ ಏರಿದ್ದವರಲ್ಲಿ ಕೆಲವರಿಗೆ ಎರಡು ಮೂರು ತಿಂಗಳು ಬಿಟ್ಟು ನೋಡಿದರೆ ಅದು ತಾನಾಗಿಯೇ ಇಳಿದಿರುತ್ತದೆ. ಹೆರಿಗೆಯ ನಂತರ ಬರುವ ಒಂದು ಬಗೆಯ ಥೈರಾಯ್ಡ್ ಉರಿಯೂತವೂ ಅನೇಕರಲ್ಲಿ ವರ್ಷದೊಳಗೆ ವಾಸಿಯಾಗುತ್ತದೆ. ಆ ಸಮಯದಲ್ಲಿ ಧನಿಯಾ ನೀರು ಕುಡಿದಿದ್ದರೆ ಧನಿಯಾ, ಮೆಂತ್ಯ ನೀರು ಕುಡಿದಿದ್ದರೆ ಮೆಂತ್ಯ ಹೆಸರು ಮಾಡುತ್ತದೆ. ಮಾತ್ರೆಯ ಬದಲು ಕೊತ್ತಂಬರಿ ನೀರು ಕೊಡಿ ಎಂದು ಥೈರಾಯ್ಡ್ ತಜ್ಞರ ಯಾವ ಪ್ರಮುಖ ಮಾರ್ಗಸೂಚಿಯೂ ಹೇಳುವುದಿಲ್ಲ.

ಉಳಿತಾಯ ಮುಗಿದ ಮೇಲೆ ಸುಸ್ತು, ಮುಖ ಊತ, ಕೂದಲು ಉದುರುವುದು, ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ, ಮಂಕು ಒಂದೊಂದಾಗಿ ಶುರುವಾಗುತ್ತವೆ. ನಿಧಾನವಾಗಿ ಬರುವುದರಿಂದ ವಯಸ್ಸಾಯಿತು, ಕೆಲಸ ಜಾಸ್ತಿಯಾಯಿತು ಎಂದುಕೊಳ್ಳುತ್ತೇವೆ. ವಯಸ್ಸಾದವರಲ್ಲಿ ಬಹುಕಾಲ ಹೀಗೇ ಬಿಟ್ಟರೆ, ಅಪರೂಪಕ್ಕೆ, ಪ್ರಜ್ಞೆ ತಪ್ಪಿ ಜೀವಕ್ಕೇ ಅಪಾಯವಾಗುವ ಸ್ಥಿತಿಯೂ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಗರ್ಭಿಣಿಯರಿಗೆ ಮತ್ತು ಮಗುವಿಗಾಗಿ ಯೋಜನೆ ಮಾಡುತ್ತಿರುವವರಿಗೆ. ಮೊದಲ ಮೂರು ತಿಂಗಳು ಮಗುವಿನ ಗ್ರಂಥಿ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಅದರ ಮೆದುಳಿನ ಬೆಳವಣಿಗೆಗೆ ಬೇಕಾದ ಹಾರ್ಮೋನ್ ತಾಯಿಯಿಂದಲೇ ಹೋಗಬೇಕು. ಮಾತ್ರೆ ತೆಗೆದುಕೊಳ್ಳುತ್ತಿರುವ ಹೆಚ್ಚಿನ ಮಹಿಳೆಯರಿಗೆ ಈ ಅವಧಿಯಲ್ಲಿ ಡೋಸ್ ಹೆಚ್ಚಿಸಬೇಕಾಗುತ್ತದೆ. ಬಿಡುವ ಮಾತೇ ಇಲ್ಲ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಗುವಿನ ವಿಷಯದಲ್ಲೂ ಹಾಗೆಯೇ, ಮಾತ್ರೆ ತಡವಾದಷ್ಟೂ ಬುದ್ಧಿಬೆಳವಣಿಗೆಗೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ.

ಶುಗರ್‌ಗೆ ಒಳ್ಳೆಯದು ಅಂತ ಸಂಶೋಧನೆಯೇ ಹೇಳಿದೆಯಲ್ಲ?

ಹೇಳಿದೆ, ಇಲಿಗಳ ಬಗ್ಗೆ. 1999ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್‌ನಲ್ಲಿ ಗ್ರೇ ಮತ್ತು ಫ್ಲಾಟ್ ಎಂಬ ಸಂಶೋಧಕರ ಅಧ್ಯಯನ ಬಂತು. ಔಷಧ ಕೊಟ್ಟು ಮಧುಮೇಹ ಬರಿಸಿದ ಚಿಕ್ಕ ಇಲಿಗಳಲ್ಲಿ ಕೊತ್ತಂಬರಿಯಿಂದ ಸಕ್ಕರೆ ಮಟ್ಟ ಇಳಿಯಿತು. ಕೆಲಸ ಚೆನ್ನಾಗಿದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಇಲಿಗಳ ಒಂದು ಕೆಜಿ ಆಹಾರದಲ್ಲಿ 62.5 ಗ್ರಾಂ ಕೊತ್ತಂಬರಿ ಇತ್ತು, ಕುಡಿಯುವ ನೀರಿನಲ್ಲೂ ಇತ್ತು. ನೀರು ಬಿಟ್ಟು ಒಣ ತೂಕದಲ್ಲಿ ದಿನಕ್ಕೆ ಅರ್ಧ ಕೆಜಿ ಆಹಾರ ತಿನ್ನುವ ಮನುಷ್ಯನಿಗೆ ಇದೇ ಅನುಪಾತ ಹಾಕಿದರೆ ದಿನಕ್ಕೆ 31 ಗ್ರಾಂ, ಅಂದರೆ ಹದಿನೇಳು ಟೀ ಚಮಚ. ಅದೂ ಪ್ರತಿದಿನ. ಇಲಿಯ ಲೆಕ್ಕವನ್ನು ಮನುಷ್ಯನಿಗೆ ಹೀಗೆ ನೇರವಾಗಿ ದಾಟಿಸಲು ಬರುವುದಿಲ್ಲ ಎನ್ನುವುದು ಬೇರೆ ಮಾತು. ಒಂದು ಚಮಚ ನೆನೆಸಿದ ನೀರು ಆ ಅಧ್ಯಯನದ ಹೆಸರನ್ನು ಬಳಸಿಕೊಳ್ಳುತ್ತಿದೆ, ಅಷ್ಟೇ.

ಕಬ್ಬಿಣ, ಕ್ಯಾಲ್ಸಿಯಂ ತುಂಬಿದೆ ಎಂಬ ಮಾತೂ ಇದೇ ಜಾತಿಯದು. 100 ಗ್ರಾಂ ಕಾಳಿನಲ್ಲಿ ಸುಮಾರು 700 ಮಿಲಿಗ್ರಾಂ ಕ್ಯಾಲ್ಸಿಯಂ, 16 ಮಿಲಿಗ್ರಾಂ ಕಬ್ಬಿಣ ಇದೆ. ಆದರೆ 100 ಗ್ರಾಂ ಯಾರು ತಿನ್ನುತ್ತಾರೆ? ಚಮಚದ ಲೆಕ್ಕಕ್ಕೆ ಬಂದರೆ ಕ್ಯಾಲ್ಸಿಯಂ 13 ಮಿಲಿಗ್ರಾಂ. ಸೋಸಿ ಎಸೆದ ಕಾಳಿನಲ್ಲಿ ಅದರ ಬಹುಪಾಲೂ, ನಾರಂತೂ ಪೂರ್ತಿಯಾಗಿ, ಹೋಗಿಬಿಡುತ್ತದೆ.

ಕಿಡ್ನಿ ಕ್ಲೀನ್ ಮಾಡುತ್ತದೆಯಾ?

ಕಿಡ್ನಿಯೇ ದೇಹದ ಜರಡಿ. ಆರೋಗ್ಯವಾಗಿದ್ದರೆ ಅದಕ್ಕೆ ಸರ್ವಿಸಿಂಗ್ ಬೇಕಿಲ್ಲ. ಕೊತ್ತಂಬರಿ ಮೂತ್ರ ಹೆಚ್ಚಿಸುತ್ತದೆ ಎಂದು ಮೊರಾಕ್ಕೋದ ಸಂಶೋಧಕರು 2008ರಲ್ಲಿ ತೋರಿಸಿದ್ದರು, ಪ್ರಜ್ಞೆ ತಪ್ಪಿಸಿದ ಇಲಿಗಳ ರಕ್ತನಾಳಕ್ಕೆ ಕಾಳಿನ ಸಾರವನ್ನು ನೇರವಾಗಿ ಹರಿಸಿ. ಲೋಟದಲ್ಲಿ ಕುಡಿಯುವುದಕ್ಕೂ ಅದಕ್ಕೂ ಅಜಗಜಾಂತರ. ಮೂತ್ರ ಹೆಚ್ಚು ಹೋಗುವುದೂ ಕಿಡ್ನಿ ಗುಣವಾಗುವುದೂ ಒಂದೇ ಅಲ್ಲ.

ಒಂದು ರೂಪಾಯಿ ಖರ್ಚಿನಲ್ಲಿ ಕಿಡ್ನಿ ಸ್ವಚ್ಛ ಎಂಬ ಇನ್ನೊಂದು ಹಳೆಯ ಫಾರ್ವರ್ಡಿನಲ್ಲಿ ಕೊತ್ತಂಬರಿ ಸೊಪ್ಪನ್ನು ಕುದಿಸಿ ಕುಡಿಯಲು ಹೇಳುತ್ತಾರೆ. ಕಿಡ್ನಿ ಈಗಾಗಲೇ ಸೋತಿರುವವರಿಗೆ ಇದು ಅಪಾಯಕಾರಿ ಸಲಹೆ. ಅನೇಕರಿಗೆ ದಿನಕ್ಕೆ ಇಷ್ಟೇ ನೀರು ಎಂಬ ಮಿತಿ ಇರುತ್ತದೆ. ಸೊಪ್ಪನ್ನು ಕುದಿಸಿದಾಗ ಅದರ ಪೊಟ್ಯಾಶಿಯಂ ನೀರಿಗೆ ಇಳಿಯುತ್ತದೆ, ಅವರ ದೇಹಕ್ಕೆ ಅದನ್ನು ಹೊರಹಾಕಲು ಆಗುವುದಿಲ್ಲ, ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ.

ಇಷ್ಟಾದ ಮೇಲೂ ಕುಡಿಯಬೇಕು ಅನ್ನಿಸಿದರೆ

ಕುಡಿಯಿರಿ, ರುಚಿಗೆ, ತಂಪಿಗೆ. ಆದರೆ ನೆನೆಸಿ ಹಾಗೇ ಕುಡಿಯುವ ಬದಲು ಕುದಿಸುವುದು ಒಳ್ಳೆಯದು. ಮಸಾಲೆ ಕಾಳುಗಳನ್ನು ಅಂಗಳ, ಕಣಗಳಲ್ಲಿ ಒಣಗಿಸುತ್ತಾರೆ, ಹಕ್ಕಿ, ಇಲಿಗಳ ಕಾಟ ಇರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ತನ್ನ ದೇಶಕ್ಕೆ ಬಂದ ಮಸಾಲೆಗಳನ್ನು 2007ರಿಂದ 2009ರ ನಡುವೆ ಪರೀಕ್ಷಿಸಿದಾಗ ಸುಮಾರು ಶೇ. 6.6ರಷ್ಟು ಸರಕಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿತ್ತು. ಸಾಂಬಾರಿನಲ್ಲಿ ಕುದ್ದರೆ ಅದು ಸಾಯುತ್ತದೆ. ರಾತ್ರಿಯಿಡೀ ಅಡುಗೆಮನೆಯ ಬೆಚ್ಚನೆಯ ನೀರಿನಲ್ಲಿ ಇಟ್ಟರೆ ಬೆಳೆಯಲೂ ಬಹುದು. ಕಾಳು ತೊಳೆದು, ನಾಲ್ಕೈದು ನಿಮಿಷ ಕುದಿಸಿ, ಅದೇ ದಿನ ಮುಗಿಸಿ. ಸೋಂಪು, ಸೆಲರಿ ತಿಂದರೆ ಅಲರ್ಜಿ ಆಗುವವರಿಗೆ ಕೊತ್ತಂಬರಿಯೂ ಆಗದಿರಬಹುದು, ಅವರು ಹುಷಾರಾಗಿರಬೇಕು. ಶುಗರ್ ಅಥವಾ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಪುಡಿ, ಕ್ಯಾಪ್ಸೂಲ್, ಎಣ್ಣೆ ರೂಪದಲ್ಲಿ ಜಾಸ್ತಿ ಪ್ರಮಾಣ ಶುರು ಮಾಡುವುದಾದರೆ ಡಾಕ್ಟರಿಗೆ ಹೇಳಿಯೇ ಮಾಡಲಿ.

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು, ಧನಿಯಾ ನೀರಿನ ಜೊತೆ ಅಲ್ಲ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಷಾಯವೋ ತಿಂಡಿಯೋ ಆಗಲಿ. ಫಿಲ್ಟರ್ ಕಾಫಿಗೂ ಇದೇ ನಿಯಮ. ಕಾಫಿ ಮಾತ್ರೆಯನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ, ದಿನಾ ಮಾತ್ರೆ ತಗೊಂಡರೂ ಟಿಎಸ್‌ಎಚ್ ಇಳಿಯುತ್ತಿಲ್ಲ ಎನ್ನುವ ಅನೇಕರ ಸಮಸ್ಯೆ ಇಲ್ಲೇ ಇರುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಫಾರ್ವರ್ಡ್ ನೋಡಿ ಈಗಾಗಲೇ ಮಾತ್ರೆ ನಿಲ್ಲಿಸಿದ್ದರೆ ಬೈಯುತ್ತಾ ಕೂರಬೇಡಿ, ನಿಲ್ಲಿಸಿ ಎಷ್ಟು ದಿನವಾಯಿತು ಎಂದು ಕೇಳಿ. ಚೆನ್ನಾಗಿದ್ದೇನೆ ಎಂಬ ಉತ್ತರಕ್ಕೆ ಸುಮ್ಮನಾಗದೆ, ಆ ದಿನಗಳ ಲೆಕ್ಕ ಮತ್ತು ಹಳೆಯ ಡೋಸ್ ಬರೆದ ಚೀಟಿ ಹಿಡಿದು ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಹೃದಯದ ತೊಂದರೆ ಇರುವವರು, ವಯಸ್ಸಾದವರು ಬಹಳ ದಿನ ಬಿಟ್ಟ ಮೇಲೆ ಹಳೆಯ ಡೋಸನ್ನೇ ಒಮ್ಮೆಲೇ ಶುರು ಮಾಡುವುದು ಸರಿಯಲ್ಲ, ಎಷ್ಟರಿಂದ ಆರಂಭಿಸಬೇಕು ಎಂದು ಡಾಕ್ಟರೇ ಹೇಳಬೇಕು. ಗರ್ಭಿಣಿಯಾಗಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯದೆ ಇವತ್ತೇ ಫೋನ್ ಮಾಡಿ.